ಖಾನಾವಳಿಯ ಮಹಡಿಯ ಮೇಲೆ ಕೆಂಪು ವರ್ಮೂತ್

ನನ್ನ ತಮ್ಮ ಬಾರ್ ತೆಗೆದಾಗ ಅವನಿಗೆ ಮದ್ಯದ ರುಚಿ ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಕೇಳಿದವರೆಲ್ಲ ನಗುತ್ತಾರೆ. ನಗಲಿ, ನಾನೂ ಸಾಕಷ್ಟು ನಕ್ಕಿದ್ದೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಅವನದೊಂದು ಖಾನಾವಳಿ ಇದೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಕೆನೆಮೊಸರು. ಸುತ್ತಲಿನ ಕಾರ್ಖಾನೆಯವರು, ಅಂಗಡಿಯವರು ಮಧ್ಯಾಹ್ನ ಸಾಲುಹಚ್ಚಿ ಉಣ್ಣುತ್ತಾರೆ. ಹೋದ ವರ್ಷ ಅದರ ಮೇಲಿನ ಮಹಡಿಗೆ ಲೈಸೆನ್ಸ್ ತೆಗೆದುಕೊಂಡು ಬಾರ್ ಮಾಡಿದ. ಅಡುಗೆಮನೆ ಕೆಳಗಿನದೇ, ಅಡುಗೆಯವರೂ ಅವರೇ. ಹೀಗಾಗಿ ತತ್ತಿ ಕೂಡ ಸಿಗದ ಸಸ್ಯಾಹಾರಿ ಬಾರ್ ಅದು. ವಿಸ್ಕಿಯ ಜೊತೆ ಮಡಿಕೆಕಾಳಿನ ಪಲ್ಯ ಕೊಡುವ ಬಾರ್ ಇನ್ನೊಂದು ಎಲ್ಲಾದರೂ ಇದ್ದರೆ ಯಾರಾದರೂ ನನಗೆ ತೋರಿಸಬೇಕು.

ತಮ್ಮ ಕುಡಿಯುವುದಿಲ್ಲ. ಹತ್ತನೇ ಇಯತ್ತೆ ಮುಗಿಸಿ ಕಾಲೇಜಿಗೆ ಹೊರಟಾಗ, ಸೆರೆ ಮುಟ್ಟುವುದಿಲ್ಲವೆಂದು ಅವ್ವನ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟಿದ್ದ. ನಮ್ಮದು ಲಿಂಗಪೂಜೆಯಾಗದೆ ನೀರೂ ಕುಡಿಯದ ಮನೆತನ. ಅಲ್ಲಿ ಕೊಟ್ಟ ಭಾಷೆ ಕೊಟ್ಟದ್ದೇ. ನನ್ನಿಂದ ಅವ್ವ ಅಂಥ ಭಾಷೆ ತೆಗೆದುಕೊಳ್ಳಲಿಲ್ಲ. ಹೆಣ್ಣುಮಗಳು ಎಲ್ಲಿ ಕುಡಿಯುತ್ತಾಳೆ ಎಂದುಕೊಂಡಿರಬೇಕು. ಅಲ್ಲಿಯೇ ಅವಳ ಲೆಕ್ಕ ತಪ್ಪಿತು.

ನಾನು ಧಾರವಾಡದ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಸಪ್ತಾಪುರದ ಮನೆಯಲ್ಲಿ ನಾನೂ ಅವ್ವನೂ ಇರುತ್ತೇವೆ. ಬಹಳ ವರ್ಷಗಳ ಹಿಂದೆ ಗೋವಾದಲ್ಲಿ ಒಂದು ವಿಚಾರಸಂಕಿರಣಕ್ಕೆ ಹೋದಾಗ, ಸಂಜೆ ಅಲ್ಲಿಯ ಪ್ರಾಧ್ಯಾಪಕಿಯೊಬ್ಬರು ನನ್ನ ಕೈಗೆ ಗ್ಲಾಸೊಂದನ್ನು ಕೊಟ್ಟರು. ಕಂದು ಬೆರೆತ ಕೆಂಪು ಬಣ್ಣ, ಎರಡು ತುಂಡು ಐಸ್, ಕಿತ್ತಳೆಯ ಒಂದು ಹೋಳು. ಮೂಗಿನ ಹತ್ತಿರ ಒಯ್ದರೆ ಮಾಚಿಪತ್ರೆ! ನಮ್ಮ ಹೂವಿನವರು ಸೇವಂತಿಗೆಯ ನಡುನಡುವೆ ಸೇರಿಸಿ ಕಟ್ಟುವ ಮಾಚಿಪತ್ರೆಯ ವಾಸನೆಯೇ. ಇದು ಹೇಗೆ ಗ್ಲಾಸಿನಲ್ಲಿ ಬಂತೆಂದು ಕೇಳಿದೆ. ದ್ರಾಕ್ಷಿಯ ವೈನಿಗೆ ಸಕ್ಕರೆ, ಸ್ವಲ್ಪ ಸ್ಪಿರಿಟ್, ಮಾಚಿಪತ್ರೆಯ ಬಳಗದ್ದೇ ಆದ ಒಂದು ಕಹಿ ಗಿಡ, ಲವಂಗ, ದಾಲ್ಚಿನ್ನಿ, ಕಿತ್ತಳೆ ಸಿಪ್ಪೆ, ಹೀಗೆ ಏನೇನೋ ಬೇರು ತೊಗಟೆ ಹಾಕಿ ಇಳಿಸಿದ್ದು ಎಂದರು. ಅದರ ಹೆಸರು ವರ್ಮೂತ್. ಸಸ್ಯಶಾಸ್ತ್ರದವಳಿಗೆ ಇದಕ್ಕಿಂತ ಒಳ್ಳೆಯ ಪೇಯ ಯಾರು ಹುಡುಕಿ ಕೊಟ್ಟಾರು? ಊರಿಗೆ ಬಂದವಳೇ ಅವ್ವನಿಗೆ ಹೇಳಿದೆ, ಇಂಥಾದ್ದೊಂದು ಕುಡಿದೆ, ಬಹಳ ಛಲೋ ಇತ್ತು ಎಂದು. ಅವ್ವ ಹುಬ್ಬು ಏರಿಸಿ ನೋಡಿದಳು.

"ನಿನ್ನ ಬಾಯಿ, ನಿನ್ನ ಹೊಟ್ಟಿ. ನಾ ಏನ ಹೇಳ್ಲಿ?" ಎಂದು ಅವರೆಕಾಯಿ ಸುಲಿಯಲು ಕುಳಿತಳು. ಮಗಳ ಆಸೆ ಬಿಟ್ಟಳು, ಮಗನ ಮೇಲೆ ಮಾತ್ರ ಆಸೆ ಇಟ್ಟುಕೊಂಡಿದ್ದಾಳೆ ಎಂದು ನಾನು ಅಂದುಕೊಂಡೆ.

ಆ ಮಗನ ಖಾನಾವಳಿಗೆ ಅವ್ವ ಭಾನುವಾರ ಮಧ್ಯಾಹ್ನ ಊಟಕ್ಕೆ ಹೋಗುವುದು ರೂಢಿ. ಎಂಬತ್ತು ದಾಟಿದ ಜೀವ, ಆದರೂ ಇಳಕಲ್ ಸೀರೆ ಉಟ್ಟು ತಯಾರಾಗಿ ಕೂತಿರುತ್ತಿದ್ದಳು. ಕಿಟಕಿಯ ಪಕ್ಕದ ಮೇಜು ಅವಳಿಗಾಗಿ ಖಾಲಿ ಇರುತ್ತಿತ್ತು. ತಮ್ಮ ಯಾರಿಗೂ ಬಿಡದೆ ತಾನೇ ಬಡಿಸುತ್ತಿದ್ದ. ರೊಟ್ಟಿ ದಪ್ಪಾತು, ಬದನೆಕಾಯಿಗೆ ಗುರೆಳ್ಳು ಸಾಲದು, ಮಜ್ಜಿಗೆ ಹುಳಿಯಾತು ಎಂದು ಅವಳು ಒಂದೊಂದಾಗಿ ತಪ್ಪು ತೆಗೆಯುವಳು. ಅವನು ಹಿಗ್ಗಿ ಹೀರೇಕಾಯಿಯಾಗುವನು.

ಬಾರ್ ಶುರುವಾದ ಮೇಲೆ ಅವ್ವ ಹೋಗುವುದನ್ನು ಬಿಟ್ಟಳು. ಗಬ್ಬೂರಿನ ಬಳಗದವರ ಮನೆಯಲ್ಲಿ ಬಸುರಿಗೆ ಕುಬಸ ಮಾಡುವ ಕಾರ್ಯ ಇತ್ತು. ಅಲ್ಲಿ ಯಾರೋ "ನಿಮ್ಮ ಮಗಾ ಬಾರ್ ತಗದಾನಂತಲ್ರಿ?" ಎಂದು ಕೇಳಿದರಂತೆ. ಮುಂದಿನ ಭಾನುವಾರ ಅವ್ವ ಮೊಣಕಾಲು ನೋವು ಎಂದಳು. ಅದರ ಮುಂದಿನ ಭಾನುವಾರ ಬಿಸಿಲು ಎಂದಳು. ಆಮೇಲೆ ನೆಪ ಹೇಳುವುದನ್ನೂ ಬಿಟ್ಟಳು. ಸೆರೆ ಮಾರುವ ಜಾಗದಲ್ಲಿ ಲಿಂಗವಂತರ ಹಿರಿಯಳು ಹೇಗೆ ಉಣ್ಣಬೇಕು ಎಂದು ನಾವಿಬ್ಬರೂ ಅರ್ಥ ಮಾಡಿಕೊಂಡೆವು. ಅವಳನ್ನು ಕೇಳಲು ಇಬ್ಬರಿಗೂ ಧೈರ್ಯ ಬರಲಿಲ್ಲ.

ಒಂದು ದಿನ ತಮ್ಮ ಫೋನ್ ಮಾಡಿದ. "ಅಕ್ಕಾ, ಆ ಕಿಡಕಿ ಮ್ಯಾಜಿಗೆ ಬ್ಯಾರೆ ಮಂದಿ ಕುಂತ್ರ ನನಗ ಸಂಕಟ ಆಗತೈತಿ ನೋಡು. ಅವ್ವ ಬಂದು ಉಣ್ಣಬೇಕು, ಅಷ್ಟ."

"ಬಾರ್ ಮುಚ್ಚತೀಯೇನು?"

"ಅದೆಂಗ ಮುಚ್ಚಲಿ? ಈಗ ಕಾಲೂರಿ ನಿಂತೈತಿ."

ಅವನ ಹತ್ತಿರ ಒಂದು ಉಪಾಯವಿತ್ತು. ಮಹಡಿಯ ಮೇಲೆ ಸಂಸಾರವಂದಿಗರೂ ಬರತೊಡಗಿದ್ದರು. ಅವರಿಗಾಗಿ ಹಗುರವಾದ, ಸಾವಕಾಶ ಗುಟುಕರಿಸುವಂಥ ಒಂದು ಪೇಯ ಬೇಕಾಗಿತ್ತು. ನಾನು ವರ್ಮೂತಿನ ಬಗ್ಗೆ ಹೇಳಿದ್ದು ಅವನ ತಲೆಯಲ್ಲಿ ಕೂತಿತ್ತು. ಡೀಲರನಿಗೆ ಹೇಳಿ ಬೇರೆ ಬೇರೆ ಕಂಪನಿಯ ಮೂರು ಕೆಂಪು ಸಿಹಿ ವರ್ಮೂತ್ ತರಿಸಿದ್ದ. "ಇದರಾಗ ದ್ರಾಕ್ಷಿ ಐತಿ, ಗಿಡಮೂಲಿಕಿ ಐತಿ. ಅವ್ವಗ ಔಷಧ ಅಂಗಡ್ಯಾನ ದ್ರಾಕ್ಷಾರಿಷ್ಟ ನಡೀತೈತಿ ಅಂದಮ್ಯಾಲ ಇದ್ಯಾಕ ನಡ್ಯೂದಿಲ್ಲ? ಮೂರರಾಗ ಛಲೋ ಯಾವುದಂತ ನೀ ಆರಿಸಿಕೊಡು. ಆಮ್ಯಾಲ ಅವ್ವಗ ನೀನ ತಿಳಿಸಿ ಹೇಳು, ನಮ್ಮ ಬಾರ್ ಅಂಥಾ ಬಾರ್ ಅಲ್ಲಂತ."

"ಆರಿಸಿಕೊಡತೇನಿ. ಹೇಳೂ ಕೆಲಸ ನಿಂದು" ಎಂದೆ. ಅವ್ವನಿಗೆ ಸುತ್ತಿಬಳಸಿ ಏನಾದರೂ ಹೇಳಿ ದಕ್ಕಿಸಿಕೊಂಡವರನ್ನು ನಾನು ಈವರೆಗೆ ನೋಡಿಲ್ಲ.

ಮಧ್ಯಾಹ್ನದ ಊಟದ ಗದ್ದಲ ಮುಗಿದು, ಬಾರ್ ತೆರೆಯುವ ಮೊದಲಿನ ಬಿಡುವಿನಲ್ಲಿ ಮಹಡಿಯ ಮೇಲೆ ಕೂತೆವು. ಯಾವುದು ಯಾವ ಕಂಪನಿಯದೆಂದು ತಿಳಿಯದಂತೆ ಬಾಟಲಿಗಳಿಗೆ ದಿನಪತ್ರಿಕೆ ಸುತ್ತಿ ಒಂದು, ಎರಡು, ಮೂರು ಎಂದು ಬರೆದೆ. ಉಗುಳಲಿಕ್ಕೆ ಒಂದು ಸ್ಟೀಲ್ ಬಕೆಟ್ ತರಿಸಿದೆ. ರುಚಿ ನೋಡುವವರು ನುಂಗುವುದಿಲ್ಲ, ಬಾಯಲ್ಲಿ ಹೊರಳಾಡಿಸಿ ಉಗುಳುತ್ತಾರೆ. ನುಂಗುತ್ತಾ ಹೋದರೆ ಮೂರನೆಯದರ ಹೊತ್ತಿಗೆ ಎಲ್ಲವೂ ಛಲೋ ಅನ್ನಿಸತೊಡಗುತ್ತದೆ. ಹಾಗಿದ್ದರೆ ನೀನೂ ನೋಡಬಹುದಲ್ಲ ಎಂದು ತಮ್ಮನಿಗೆ ಹೇಳಿದೆ.

"ಉಗುಳಿದ್ರೂ ಬಾಯಾಗ ಹೋದಂಗ ಆತಲ್ಲ ಅಕ್ಕಾ."

"ಮುಂಜಾನೆ ಹಲ್ಲ ತಿಕ್ಕಿ ಉಗುಳತೀಯಲ್ಲೋ, ಪೇಸ್ಟ ತಿಂದಂಗ ಆತೇನು?"

"ಪೇಸ್ಟಿನ ಮ್ಯಾಲ ನಾ ಭಾಷಿ ಕೊಟ್ಟಿಲ್ಲ."

ಅವನು ಬರೀ ಮೂಸಿ ನೋಡುವುದೆಂದೂ, ನಾನು ಬಾಯಲ್ಲಿಟ್ಟು ನೋಡುವುದೆಂದೂ ತೀರ್ಮಾನವಾಯಿತು.

ಇನ್ನೇನು ಶುರು ಮಾಡಬೇಕು, ತಮ್ಮ ಪೇಡೆಯ ಡಬ್ಬಿ ತೆಗೆದ. ಧಾರವಾಡದ ಪೇಡೆ, ಅವತ್ತೇ ತಂದದ್ದು, ಮೈತುಂಬ ಸಕ್ಕರೆ. "ಛಲೋ ಕೆಲಸ ಸುರು ಮಾಡಾಕತ್ತೇವಿ, ಬಾಯಿ ಸಿಹಿ ಮಾಡ್ಕೋ." ನಮ್ಮಲ್ಲಿ ಬೋರ್‌ವೆಲ್ ಹೊಡೆಸುವ ಮೊದಲೂ ಪೇಡೆ ಹಂಚುತ್ತೇವೆ, ಹಳೆಯ ಸ್ಕೂಟರ್ ಕೊಂಡರೂ ಹಂಚುತ್ತೇವೆ. ನಾನು ಏನೂ ಯೋಚಿಸದೆ ಎರಡು ತಿಂದೆ, ಬೆರಳು ನೆಕ್ಕಿದೆ, ಗ್ಲಾಸು ಕೈಗೆತ್ತಿಕೊಂಡೆ.

ಒಂದನೆಯದು ಹುಳಿ ಅನ್ನಿಸಿತು, ನೀರು ನೀರಾಗಿತ್ತು. ಎರಡನೆಯದು ಬೇವಿನ ಕಷಾಯ. ಮುಖ ಕಿವುಚಿ ಬಕೆಟ್ ಎಳೆದುಕೊಂಡೆ. ಮೂರನೆಯದು ಮಾತ್ರ ಮೆತ್ತಗೆ, ದುಂಡಗೆ, ಕಹಿ ಎಷ್ಟು ಬೇಕೋ ಅಷ್ಟೇ. ಪರೀಕ್ಷೆಯ ಫಲಿತಾಂಶ ಓದುವ ಧ್ವನಿಯಲ್ಲಿ "ಮೂರನೇದ್ದು" ಎಂದೆ.

ತಮ್ಮ ಮೂರೂ ಗ್ಲಾಸುಗಳನ್ನು ತಿರುತಿರುಗಿ ಮೂಸುತ್ತಿದ್ದ. "ನನಗ ಎರಡನೇದ್ದು ಛಲೋ ಅನ್ನಸ್ತೈತಿ ಅಕ್ಕಾ. ಅದರಾಗ ಒಂದ ವಾಸನಿ ಹಿಂದ ಇನ್ನೊಂದ ಐತಿ. ಮೂರನೇದ್ದು ಬರೇ ಬೆಲ್ಲದ ಪಾಕ."

"ಮೂಗಿಲೆ ಕುಡ್ಯಾಕ ಬರತೈತೇನು? ಸುಮ್ನಿರು" ಎಂದು ಅವನ ಬಾಯಿ ಮುಚ್ಚಿಸಿದೆ. ಮೂರನೆಯದೇ ಮೆನುವಿಗೆ ಹೋಯಿತು.

ಅದನ್ನು ಕುಡಿದವರು ಅರ್ಧ ಗ್ಲಾಸು ಬಿಟ್ಟು ಏಳತೊಡಗಿದರು. ಒಬ್ಬ ಡಾಕ್ಟರಮ್ಮ, "ಕೆಮ್ಮಿನ ಔಷಧ ನಾನ ದಿನಾ ಬರದ ಕೊಡತೇನ್ರಿ, ಇಲ್ಲಿ ಬಂದು ಅದನ್ನ ಕುಡೀಲೇನು?" ಎಂದರಂತೆ. ವಿಸ್ಕಿಗೆ ಬೆರೆಸಿ ಮ್ಯಾನ್‌ಹಟನ್ ಎಂಬ ಕಾಕ್‌ಟೇಲ್ ಮಾಡಿಕೊಟ್ಟರೆ ಅದು ಪಾಯಸವಾಗಿ ಕೂರುತ್ತಿತ್ತು. ತಮ್ಮ ಇದನ್ನೆಲ್ಲ ನನಗೆ ಬಹಳ ಮೆಲ್ಲಗೆ, ಬಹಳ ಮರ್ಯಾದೆಯಿಂದ ಫೋನಿನಲ್ಲಿ ಹೇಳಿದ. ಅವನು ಮರ್ಯಾದೆ ಕೊಟ್ಟಾಗಲೇ ನನಗೆ ಹೆಚ್ಚು ಸಿಟ್ಟು ಬರುತ್ತದೆ. ನೆಟ್ಟಗೆ ಬಸ್ ಹತ್ತಿ ಗೋಕುಲ ರಸ್ತೆಗೆ ಹೋದೆ.

ಕಪಾಟಿನ ಮೇಲೆ, ಬಿಸಿಲು ಬೀಳುವ ಕಡೆ, ತೆರೆದ ಬಾಟಲಿ ನಿಂತಿತ್ತು. ನನಗೆ ಒಳ್ಳೆಯ ಅವಕಾಶ ಸಿಕ್ಕಿತು. "ಲೇ, ಇದು ವೈನ್ ಐತಿ, ವಿಸ್ಕಿ ಅಲ್ಲ! ಮುಚ್ಚಳ ತಗದಮ್ಯಾಲ ಫ್ರಿಜ್ಜಿನ್ಯಾಗ ಇಡಬೇಕು. ಇಲ್ಲಂದ್ರ ಹಾಲಿನಂಗ ಇದೂ ಕೆಡತೈತಿ" ಎಂದು ಕೂಗಾಡಿದೆ. ಅವನು ಹೊಸ ಬಾಟಲಿ ಒಡೆದು ಕೊಟ್ಟ. ಒಂದು ಗುಟುಕು ಬಾಯಿಗೆ ಹಾಕಿಕೊಂಡೆ. ಬೆಲ್ಲದ ನೀರಿಗೆ ಕೆಮ್ಮಿನ ಔಷಧ ಬೆರೆಸಿದ ಹಾಗೆಯೇ ಇತ್ತು. ಡಾಕ್ಟರಮ್ಮ ಸುಳ್ಳು ಹೇಳಿರಲಿಲ್ಲ.

ಆಗ ನನಗೆ ಪೇಡೆ ನೆನಪಾಯಿತು. ಮಧುನಾಶಿನಿಯ ಎಲೆ ಜಗಿಸಿ, ಮೇಲೆ ಸಕ್ಕರೆ ತಿನ್ನಿಸಿ, ನೋಡ್ರಿ ಈಗ ಸಕ್ಕರೆ ಮಣ್ಣಾಯಿತು, ನಾಲಿಗೆ ಹೇಗೆ ಮೋಸ ಹೋಗುತ್ತದೆ ನೋಡ್ರಿ ಎಂದು ವರ್ಷವರ್ಷವೂ ವಿದ್ಯಾರ್ಥಿಗಳಿಗೆ ತೋರಿಸಿದವಳು ನಾನು. ಬಾಯಿತುಂಬ ಪೇಡೆಯ ಸಕ್ಕರೆ ಮೆತ್ತಿಕೊಂಡು ಸಿಹಿ ವೈನ್ ಅಳೆಯಲು ಕೂತಿದ್ದೆ! ಅಷ್ಟು ಸಿಹಿಯ ಮುಂದೆ ಯಾವುದೂ ಹುಳಿ, ಯಾವುದೂ ಕಹಿ. ಎಲ್ಲಕ್ಕಿಂತ ಸಿಹಿಯಾದದ್ದು ಮಾತ್ರ ತಡೆದುಕೊಂಡಿತ್ತು, ಅದಕ್ಕೇ ನಾನು ಮೊದಲ ನಂಬರ್ ಕೊಟ್ಟಿದ್ದೆ. ತಮ್ಮನಿಗೆ ಹೇಳಿದರೆ ಅವನು ಮೇಜಿನ ಮೇಲೆ ತಲೆಯಿಟ್ಟು ನಕ್ಕ. ಅವನೂ ಪೇಡೆ ತಿಂದಿದ್ದ, ಆದರೆ ಅವನು ನಂಬಿದ್ದು ಮೂಗನ್ನು. ಮೂಗಿಗೆ ಯಾರೂ ಪೇಡೆ ತಿನ್ನಿಸಿರಲಿಲ್ಲ.

ಮತ್ತೆ ಮೊದಲಿನಿಂದ ಕೂತೆವು. ಈ ಸಲ ಕೆಳಗಿನಿಂದ ತಣ್ಣೀರು ಮತ್ತು ಕಟಕ್ ರೊಟ್ಟಿ ತರಿಸಿದೆ. ಉಪ್ಪಿಲ್ಲದ, ಎಣ್ಣೆಯಿಲ್ಲದ ಒಣ ಜೋಳದ ರೊಟ್ಟಿಯ ಒಂದು ಚೂರು ಜಗಿದು, ನೀರು ಮುಕ್ಕಳಿಸಿದರೆ ನಾಲಿಗೆ ತೊಳೆದಿಟ್ಟ ಹರಿವಾಣದಂತಾಗುತ್ತದೆ. ಪ್ರತಿ ಗ್ಲಾಸಿನ ನಡುವೆ ಇದನ್ನೇ ಮಾಡಿದೆ. ಮೊದಲು ಬರಿಯದನ್ನು, ಆಮೇಲೆ ಐಸಿನ ಜೊತೆ, ಆಮೇಲೆ ಸೋಡಾ ಹಾಕಿ, ಕೊನೆಗೆ ವಿಸ್ಕಿಗೆ ಬೆರೆಸಿ ನೋಡಿದೆ.

ಒಂದನೆಯದರ ಬಣ್ಣ ತೆಳುವಾದ ಇಟ್ಟಿಗೆಯದು. ಕಿತ್ತಳೆಯ ವಾಸನೆ ಮೊದಲೇ ಎದ್ದು ಬಂದು, ಅಷ್ಟೇ ಲಗೂ ಹೊರಟುಹೋಗುತ್ತದೆ. ಬರಿಯದನ್ನು ಕುಡಿದರೆ ಸಪ್ಪೆ. ಆದರೆ ಸೋಡಾ ಬಿದ್ದ ಕೂಡಲೇ ಮೈಯಲ್ಲಿ ಜೀವ ಬಂತು, ಬೇಸಿಗೆಗೆ ಹೇಳಿಮಾಡಿಸಿದಂತಿತ್ತು. ವಿಸ್ಕಿಯ ಜೊತೆ ಹುಡುಕಿದರೂ ಸಿಗಲಿಲ್ಲ. ಮೂರನೆಯದರ ವಿಷಯ ಬಿಡ್ರಿ. ಎರಡನೆಯದನ್ನು ಬೆಳಕಿಗೆ ಹಿಡಿದರೆ ಕೋಕಂ ಹಣ್ಣಿನ ಕೆಂಪು. ಮೂಗಿಗೆ ಮೊದಲು ಒಣದ್ರಾಕ್ಷಿ, ಹಿಂದಿನಿಂದ ಲವಂಗ, ಅದರ ಹಿಂದೆ ನನ್ನ ಮಾಚಿಪತ್ರೆ. ಬಾಯಲ್ಲಿ ಸಿಹಿ ಮುಂದೆ ಬರುತ್ತದೆ, ನಂತರ ಸಣ್ಣ ಹುಳಿ, ಇನ್ನೇನು ಮುಗಿಯಿತು ಎನ್ನುವಾಗ ನಾಲಿಗೆಯ ಬುಡದಲ್ಲಿ ಕಹಿ ಏಳುತ್ತದೆ, ಎದ್ದದ್ದು ಲಗೂ ಇಳಿಯುವುದಿಲ್ಲ. ಆ ಕಹಿಯಿಂದಲೇ ಇನ್ನೊಂದು ಗುಟುಕು ಬೇಕೆನ್ನಿಸುತ್ತದೆ. ಐಸಿನ ಜೊತೆ ಅದು ಸಾವಕಾಶ ಬಿಚ್ಚಿಕೊಂಡಿತು. ವಿಸ್ಕಿಯ ಜೊತೆ ಬೆರೆತರೂ ತಾನು ಯಾರೆಂದು ಮರೆಯಲಿಲ್ಲ. ಆವತ್ತು ಆ ಒಂದು ಗುಟುಕನ್ನು ಉಗುಳಲಿಲ್ಲ, ನುಂಗಿದೆ.

"ಎರಡನೇದ್ದು" ಎಂದೆ. ತಮ್ಮ ಹಲ್ಲು ಬಿಟ್ಟ. ಆಮೇಲೆ ಆ ಗ್ಲಾಸನ್ನು ಮತ್ತೆ ಮತ್ತೆ ಮೂಸುತ್ತ ಪ್ರಶ್ನೆ ಕೇಳತೊಡಗಿದ. ಈ ವಾಸನೆ ಯಾವ ಗಿಡದ್ದು, ಆ ಕಹಿ ಬೇರಿನದೋ ಎಲೆಯದೋ, ಜಾಜಿಕಾಯಿ ಇದೆಯೋ. ಪಾಠ ಒಪ್ಪಿಸುವವನ ಹಾಗೆ ಬಾಯಲ್ಲೇ ಹೇಳಿಕೊಳ್ಳುತ್ತಿದ್ದ. ಅವ್ವನಿಗಾಗಿ ಎಂದು ನನಗೆ ಗೊತ್ತಿತ್ತು. ನಲವತ್ತೆಂಟರ ಗಂಡಸು, ಅಷ್ಟು ದೊಡ್ಡ ಖಾನಾವಳಿ ನಡೆಸುವವನು, ಅವ್ವನ ಮುಂದೆ ಹೇಳಲಿಕ್ಕೆ ಗಿಡಗಳ ಹೆಸರು ಬಾಯಿಪಾಠ ಮಾಡುತ್ತಿದ್ದ. ನನಗೆ ಅವನ ಮೇಲೆ ವಿಪರೀತ ಅಕ್ಕರೆ ಬಂತು.

ಸಂಜೆ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಮೂಗು ಅರಳಿಸಿದಳು. "ಎಲ್ಲಿಗೆ ಹೋಗಿದ್ದಿ?"

"ತಮ್ಮನ ಬಾರಿಗೆ. ವರ್ಮೂತ್ ನೋಡಾಕ."

"ಅವಾ ಕುಡದನೇನು?"

"ಇಲ್ಲ. ಬರೇ ಮೂಸಿ ನೋಡ್ದ."

"ನನಗೇನರ ಹೇಳು ಅಂದಾನೇನು?"

"ನೀನ ಹೇಳು ಅಂದ. ನಾ ಒಲ್ಲೆ ಅಂದೆ."

ಅವ್ವ ಒಳಗೆ ಹೋಗಿ ಟಿವಿ ಹಚ್ಚಿದಳು. ನನಗೆ ರೇಗಿತು. ಈ ತಾಯಿ ಮಗನ ನಡುವೆ ನಾನೆಷ್ಟು ದಿನ ಬಸ್ಸಿನಲ್ಲಿ ಓಡಾಡಬೇಕು? ಆಗಿಂದಾಗಲೇ ತಮ್ಮನಿಗೆ ಫೋನ್ ಮಾಡಿ, ಭಾನುವಾರ ಬಂದು ನಿನ್ನ ಅವ್ವನ ಹತ್ತಿರ ನೀನೇ ಮಾತಾಡು, ಇಲ್ಲದಿದ್ದರೆ ನಿನ್ನ ವರ್ಮೂತಿಗೆ ಬೇರೆ ನಾಲಿಗೆ ಹುಡುಕಿಕೊ ಎಂದೆ.

ಭಾನುವಾರ ಮುಂಜಾನೆ ಅವನು ಬಂದ. ಕೈಯಲ್ಲಿ ಬಟ್ಟೆಯ ಚೀಲ, ಅದರಲ್ಲಿ ಎರಡನೇ ನಂಬರಿನ ಬಾಟಲಿ. ಅವ್ವ ಪೂಜೆ ಮುಗಿಸಿ ಜಗಲಿಯ ಮೇಲೆ ಕೂತಿದ್ದಳು, ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು. ಅವನು ಕೆಳಗೆ ಅವಳ ಕಾಲ ಹತ್ತಿರ ಕೂತು, ಬಾಟಲಿ ತೆಗೆದು, ಬಾಯಿಪಾಠ ಶುರು ಮಾಡಿದ. ಇದರಾಗ ದ್ರಾಕ್ಷಿ ಐತೆವ್ವಾ, ಲವಂಗ ಐತಿ, ಮಾಚಿಪತ್ರಿ ಜಾತಿ ಗಿಡ ಐತಿ, ಕಿತ್ತಳಿ ಸಿಪ್ಪಿ ಐತಿ, ನಮ್ಮ ದ್ರಾಕ್ಷಾರಿಷ್ಟ ಇದ್ದಂಗನ. ಒಂದೂ ಮರೆಯಲಿಲ್ಲ. ನಾನು ಬಾಗಿಲಿಗೆ ಒರಗಿ ನಿಂತು ಮನಸ್ಸಿನಲ್ಲೇ ನೂರಕ್ಕೆ ನೂರು ಕೊಟ್ಟೆ.

ಅವ್ವ ಮುಚ್ಚಳ ತೆಗೆಸಿ ಮೂಸಿದಳು. "ವಾಸನಿ ಛಲೋ ಐತಿ" ಎಂದಳು. ತಮ್ಮನ ಮುಖ ಅರಳಿತು. "ಆದ್ರ ಇದು ಸೆರಿ."

ಅವನು ತಲೆ ತಗ್ಗಿಸಿದ. "ಹೌದವ್ವಾ. ಸೆರಿನ."

"ಮತ್ತ ಅರಿಷ್ಟ ಪರಿಷ್ಟ ಅಂತ ಯಾಕ ಸುತ್ತಿಬಳಸತೀ?"

"ಸೆರಿ ಮಾರತೇನಂತ ನೀ ಸಿಟ್ಟಾಗೀ. ಅದಕ್ಕ ನೀ ಉಣ್ಣಾಕ ಬರವಲ್ಲಿ. ಆದ್ರ ನಾ ನಿನ್ನ ಭಾಷಿ ಮುರದಿಲ್ಲವ್ವಾ, ಒಂದ ಹನಿ ಮುಟ್ಟಿಲ್ಲ."

"ಸೆರಿ ಮಾರತೀ ಅಂತ ಸಿಟ್ಟಾಗಿಲ್ಲೋ ನಾ!" ಅವ್ವನ ಧ್ವನಿ ಏರಿತು. "ಆ ಗಬ್ಬೂರಾಗ, ಮಂದಿ ನಡುವ ಕುಂತಾಗ, ನಿಮ್ಮ ಮಗಾ ಬಾರ್ ತಗದಾನಂತಲ್ಲ ಅಂತ ಕೇಳಿದ್ರು. ಹೌದ್ರಿ ಅನ್ನಲೋ, ಇಲ್ರಿ ಅನ್ನಲೋ? ನನ್ನ ಮಗನ ಸುದ್ದಿ ಊರಿಗೆಲ್ಲಾ ಗೊತ್ತು, ನನಗ ಗೊತ್ತಿಲ್ಲ. ತುತ್ತು ಇಳೀಲಿಲ್ಲ ನನಗ ಅವತ್ತು. ವಾರಾ ವಾರಾ ನಿನ್ನ ಮುಂದ ಕುಂತು ಉಣತಿದ್ನೆಲ್ಲ, ಒಂದ ದಿನ ಹೇಳಾಕ ಆಗಲಿಲ್ಲೇನು?"

"ಹೇಳಿದ್ರ ನೀ ಬ್ಯಾಡ ಅಂತಿದ್ದಿ ಅವ್ವಾ."

"ಅಂತಿದ್ದೆ. ಜಗಳಾನೂ ಆಡತಿದ್ದೆ. ಆಮ್ಯಾಲ ಬಂದು ಉಣತಿದ್ದೆ."

ಬಾರ್ ತೆಗೆಯುವ ವಿಷಯ ಅವನೇ ಅವ್ವನಿಗೆ ಹೇಳಿರುತ್ತಾನೆ ಎಂದು ನಾನು ತಿಳಿದಿದ್ದೆ. ಇಷ್ಟು ದಿನ ಮೂರು ಬಾಟಲಿಗಳಲ್ಲಿ ಅವ್ವನಿಗೆ ಒಪ್ಪುವ ರುಚಿ ಹುಡುಕಿದ್ದೆವು. ಅವಳಿಗೆ ಬೇಕಾದದ್ದು ಅವುಗಳಲ್ಲಿ ಎಲ್ಲಿಯೂ ಇರಲಿಲ್ಲ. ತಮ್ಮ ಅವಳ ಪಾದದ ಮೇಲೆ ಕೈಯಿಟ್ಟ. ಅವನು ಅಳುತ್ತಿದ್ದ. ನನಗೂ ಕಣ್ಣು ತುಂಬಿದವು, ಆದರೆ ನಾನು ಬಾಗಿಲ ಕಡೆ ತಿರುಗಿಕೊಂಡೆ.

"ಇವತ್ತ ಬದನಿಕಾಯಿ ಮಾಡಸೀಯೇನು?" ಎಂದು ಕೇಳಿ ಅವ್ವ ಸೀರೆ ಬದಲಿಸಲು ಎದ್ದಳು.

ಗೋಕುಲ ರಸ್ತೆ ಮುಟ್ಟಿದಾಗ ಖಾನಾವಳಿ ತುಂಬಿತ್ತು, ಕಿಟಕಿಯ ಪಕ್ಕದಲ್ಲಿ ಯಾರೋ ಉಣ್ಣುತ್ತಿದ್ದರು. ಅವರನ್ನು ಎಬ್ಬಿಸಲು ಹೊರಟ ತಮ್ಮನನ್ನು ಅವ್ವ ತಡೆದಳು. "ಮ್ಯಾಲ ತೋರಸು" ಎಂದಳು. ಮಗನ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದಳು. ಹಗಲಿನ ಬಾರ್ ಖಾಲಿಯಾಗಿತ್ತು. ಕಪಾಟಿನ ತುಂಬ ನಿಂತ ಬಾಟಲಿಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಧೂಳು ಕೂತಿದೆಯೋ ಎಂದು ಕೌಂಟರಿನ ಮೇಲೆ ಬೆರಳಾಡಿಸಿದಳು, ಕೂತಿರಲಿಲ್ಲ. ಆಮೇಲೆ ಒಂದು ಮೇಜಿಗೆ ಹೋಗಿ ಕೂತು, ತಾಟು ಇಲ್ಲಿಗೇ ತರಿಸು ಎಂದಳು.

ತಮ್ಮ ಬಡಿಸಿ ಎಂದಿನಂತೆ ಪಕ್ಕದಲ್ಲಿ ನಿಂತ. "ಕೂಡು. ನೀನೂ ಉಣ್ಣು" ಎಂದಳು. ಅವನು ಕೂತ. ರೊಟ್ಟಿ ಮುರಿದು ಬಾಯಿಗಿಡುವ ಮೊದಲು ತಡೆದು, "ಅವ್ವಾ, ಈ ಮಹಡಿಗೆ ಎಸಿ ಹಾಕಸ್ಬೇಕಂತ ಮಾಡೇನಿ. ನೀ ಏನಂತಿ?" ಎಂದು ಕೇಳಿದ.

"ಹಾಕಸು, ಶೆಕಿ ಭಾಳ ಐತಿ" ಎಂದಳು ಅವ್ವ.

ಅಲ್ಲಿಂದ ಅವನು ನಿಲ್ಲಲೇ ಇಲ್ಲ. ಕುರ್ಚಿ ಬದಲಿಸುವುದು, ಅಡುಗೆಯವನ ಮಗಳ ಮದುವೆ, ಹಿಂದಿನ ಗೋಡೆ ಸೋರುವುದು, ತನ್ನ ಬೆನ್ನುನೋವು, ಎಲ್ಲವನ್ನೂ ಹೇಳುತ್ತ ಹೋದ. ಅವ್ವ ಒಂದಕ್ಕೆ ಹೂಂ ಅಂದಳು, ಇನ್ನೊಂದಕ್ಕೆ ಬ್ಯಾಡ ಅಂದಳು, ಗೋಡೆಯ ವಿಷಯಕ್ಕೆ ಚೆನ್ನಾಗಿ ಬೈದಳು. ನಾನು ಎರಡನೇ ನಂಬರಿನ ವರ್ಮೂತನ್ನು ಐಸಿನ ಮೇಲೆ ಸುರಿದುಕೊಂಡು ಅವರ ಎದುರಿಗೆ ಕೂತಿದ್ದೆ. ಹೇಗಿದೆ ಎಂದು ಇಬ್ಬರೂ ಕೇಳಲಿಲ್ಲ.